ಟವಲಿನ ಕೆಳಗಿನ ಬೋರ್ಡು

ಸುದ್ದಿಯನ್ನು ಮೊದಲು ತಂದವನು ರೇಡಿಯೋ. ಅವನು ಚಿಪ್ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದ ಮೇಲ್ವಿಚಾರಕ. ಯಾರಿಗೆ ಬಡ್ತಿ, ಯಾರಿಗೆ ಬೈಗುಳ, ಯಾರ ಮನೆಯಲ್ಲಿ ಮುನಿಸು ಎಲ್ಲವೂ ಅವನ ಬಾಯಿಂದಲೇ ಪ್ರಸಾರವಾಗುತ್ತಿದ್ದುದರಿಂದ ಜನ ಅವನಿಗೆ ಆ ಹೆಸರಿಟ್ಟಿದ್ದರು. ಸೋಮವಾರ ಬೆಳಿಗ್ಗೆ, ಒಳಗೆ ಹೋಗುವ ಮೊದಲು ಎಲ್ಲರೂ ಬಿಳಿಯ ಮೇಲಂಗಿಗೆ ಕೈ ತೂರಿಸುತ್ತ, ಟೋಪಿಯೊಳಗೆ ಕೂದಲು ತುರುಕುತ್ತ ನಿಂತಿದ್ದಾಗ ಅವನು ಬಾಗಿಲಲ್ಲೇ ಶುರುಮಾಡಿದ.

"ಕೇಳಿದ್ರಾ? ಕಂಪ್ಯೂಟರ್‌ನೋರು ನಮ್ಮ ಕೈ ಬಿಡ್ತಾರಂತೆ. ಇನ್ಮೇಲೆ ಬೇರೆಯೋರ ಚಿಪ್ ಹಾಕ್ತಾರಂತೆ."

"ಯಾರಪ್ಪ ಹೇಳಿದ್ದು?"

"ಯಾರು ಹೇಳಿಲ್ಲ ಅಂತ ಕೇಳಿ. ಶೇರುಪೇಟೆಯೋರೇ ಬರೀತಿದಾರೆ."

ಕಂಪ್ಯೂಟರ್‌ನೋರು ಎಂದರೆ ಊರಿನ ಇನ್ನೊಂದು ತುದಿಯ ಗಾಜಿನ ಕಟ್ಟಡದ ಕಂಪನಿ. ಅವರು ತಯಾರಿಸುವ ಕಂಪ್ಯೂಟರುಗಳೊಳಗೆ ವರ್ಷಗಳಿಂದ ಕೂರುತ್ತಿದ್ದುದು ಈ ಕಾರ್ಖಾನೆಯ ಚಿಪ್ಪೇ. ಇಲ್ಲಿಂದ ಹೊರಡುವ ಮಾಲಿನಲ್ಲಿ ಮುಕ್ಕಾಲು ಪಾಲು ಅವರ ಗೇಟಿಗೇ ಹೋಗುತ್ತಿತ್ತು. ಅವರು ಬೇಡವೆಂದರೆ ಇಲ್ಲಿ ಅರ್ಧ ದೀಪ ಆರುತ್ತದೆ ಎನ್ನುವುದು ಕ್ಯಾಂಟೀನಿನಲ್ಲಿ ತಟ್ಟೆ ತೊಳೆಯುವವರಿಗೂ ಗೊತ್ತಿದ್ದ ಮಾತು.

ಮಾತು ಮುಗಿಯುತ್ತಲೇ ಕೋಣೆಯಲ್ಲಿದ್ದವರೆಲ್ಲ ಒಬ್ಬಳ ಕಡೆ ತಿರುಗಿದರು. ಅವಳು ಪರೀಕ್ಷಾ ವಿಭಾಗದ ಮುಖ್ಯಸ್ಥೆ. ತಯಾರಾದ ಚಿಪ್‌ಗಳನ್ನು ಕಾಯಿಸಿ, ಕೊರೆಯುವ ಚಳಿಯಲ್ಲಿಟ್ಟು, ಓಡಿಸಿ ನೋಡಿ, ತಾಳಿದ್ದನ್ನು ಒಪ್ಪಿ ತಾಳದ್ದನ್ನು ಎತ್ತಿ ಎಸೆಯುವುದು ಅವಳ ಕೆಲಸ. ಅವಳ ಕಣ್ಣು ತಪ್ಪಿಸಿ ಹಾಳು ಮಾಲು ಹೊರಗೆ ಹೋದದ್ದೇ ಇಲ್ಲ ಎಂದು ಕಾರ್ಖಾನೆಯಲ್ಲಿ ಅವಳಿಗೆ ಭೂತಗನ್ನಡಿ ಎಂಬ ಹೆಸರು ಬಿದ್ದಿತ್ತು. ಮನೆಯಲ್ಲಿ ಮಾತ್ರ, ತಲೆಯಲ್ಲಿ ಬಿಳಿಕೂದಲು ಇಣುಕಿದ್ದರೂ, ಅವಳು ಇನ್ನೂ ಪುಟ್ಟಿ. ಹಾಗೆ ಕರೆಯುತ್ತಿದ್ದವರು ಇಬ್ಬರು, ಅಕ್ಕ ಮತ್ತು ಭಾವ. ಆ ಭಾವ ಕೆಲಸ ಮಾಡುತ್ತಿದ್ದುದು ಗಾಜಿನ ಕಟ್ಟಡದಲ್ಲಿ, ಕಂಪ್ಯೂಟರಿನ ಒಳಗಿನ ಬೋರ್ಡುಗಳನ್ನು ರೂಪಿಸುವ ವಿಭಾಗದಲ್ಲಿ.

"ನನ್ನ ಮುಖ ಏನು ನೋಡ್ತೀರಿ? ನಂಗೇನು ಗೊತ್ತು?" ಎಂದಳು ಪುಟ್ಟಿ.

"ನಾವೇನೂ ಕೇಳಲೇ ಇಲ್ವಲ್ಲ ಮೇಡಂ," ಎಂದ ರೇಡಿಯೋ. ಯಾರೋ ಕಿಸಕ್ಕನೆ ನಕ್ಕರು. ಪುಟ್ಟಿ ನಗಲಿಲ್ಲ. ಧೂಳು ಹಿಡಿಯುವ ಅಂಟು ಚಾಪೆಯ ಮೇಲೆ ಬೂಟು ಒರೆಸಿ ಒಳಗೆ ಹೋದಳು.

ಅವತ್ತು ಸಂಜೆ ಊಟದ ಮೇಜಿನ ಮುಂದೆ ಕೂತಾಗ ಅವಳ ಕಣ್ಣು ತಾನಾಗಿಯೇ ಭಾವನ ಕಡೆ ಹೋಯಿತು. ಮನೆ ಎರಡು ಅಂತಸ್ತಿನದು. ಅಕ್ಕ ಭಾವ ಮೇಲೆ, ಪುಟ್ಟಿ ಕೆಳಗೆ; ಅಡುಗೆಮನೆ ಮಾತ್ರ ಒಂದೇ, ಅದೂ ಮೇಲೆ. ಪುಟ್ಟಿಯ ಮದುವೆ ಮುರಿದು ಬಿದ್ದಾಗ ಅಕ್ಕ ಬಂದು ಅವಳ ಸಾಮಾನು ಕಟ್ಟಿದ್ದಳು. ಭಾವ ಲಾರಿಯವನ ಪಕ್ಕ ಕೂತು ಅದನ್ನೆಲ್ಲ ತಂದು ಇಳಿಸಿ, ಒಂದೇ ಒಂದು ಪ್ರಶ್ನೆ ಕೇಳದೆ ಕೆಳಗಿನ ಮನೆಯ ಬೀಗದ ಕೈಯನ್ನು ಅವಳ ಕೈಗಿಟ್ಟಿದ್ದರು. ಅದಾದ ಮೇಲೆ ಸಂಜೆಯ ಊಟ ಮೂವರಿಗೂ ಒಟ್ಟಿಗೇ. ಇಬ್ಬರ ಕಂಪನಿಗಳ ಸಂಬಂಧ ಗೊತ್ತಿದ್ದ ಅಕ್ಕ ಮೊದಲ ದಿನವೇ ಒಂದು ಕಟ್ಟಪ್ಪಣೆ ಹೊರಡಿಸಿದ್ದಳು: "ಊಟದ ಮೇಜಿನ ಮೇಲೆ ಆಫೀಸು ತಂದ್ರೆ ತಟ್ಟೆ ಎತ್ತಿಬಿಡ್ತೀನಿ." ಇಷ್ಟು ವರ್ಷ ಆ ಮಾತನ್ನು ಇಬ್ಬರೂ ಮೀರಿರಲಿಲ್ಲ. ಮೀರಬೇಕೆಂದು ಅನ್ನಿಸಿಯೂ ಇರಲಿಲ್ಲ.

ಅವತ್ತು ಭಾವ ಎಂದಿನಂತೆ ತರಕಾರಿಗೆ ಉಪ್ಪು ಕಮ್ಮಿ ಎಂದರು. ಎಂದಿನಂತೆ ಅಕ್ಕ ಡಬ್ಬಿಯನ್ನೇ ಎದುರಿಗೆ ತಂದು ಕುಕ್ಕಿದಳು. ಅಷ್ಟರಲ್ಲಿ ಅವರ ಫೋನು ಬಂತು. ಅವರು ಎದ್ದು ಹೋದರು, ಬಾಲ್ಕನಿಗೆ. ಹೋದವರು ಬಾಗಿಲನ್ನೂ ಎಳೆದುಕೊಂಡರು.

"ಯಾವಾಗಿಂದ ಬಾಗಿಲು ಹಾಕ್ಕೊಂಡು ಮಾತಾಡೋದು?" ಎಂದಳು ಪುಟ್ಟಿ.

"ಹೊರಗೆ ಗಾಳಿ ಅಲ್ವೇನೇ," ಎಂದಳು ಅಕ್ಕ. ಆಮೇಲೆ ತಂಗಿಯ ಮುಖವನ್ನು ಸ್ವಲ್ಪ ಹೊತ್ತು ನೋಡಿ, "ಏನು, ಅವರನ್ನ ಹಾಗೆ ನೋಡ್ತಿದೀಯ? ಸಾಲಗಾರರನ್ನ ನೋಡಿದ ಹಾಗೆ?" ಎಂದಳು.

"ಏನಿಲ್ಲಪ್ಪ."

ಗಾಜಿನ ಆಚೆ ಭಾವನ ತುಟಿ ಅಲ್ಲಾಡುತ್ತಿತ್ತು. ಒಂದು ಅಕ್ಷರವೂ ಕೇಳಿಸುತ್ತಿರಲಿಲ್ಲ.

ಒಮ್ಮೆ ತಲೆಗೆ ಹುಳ ಹೊಕ್ಕ ಮೇಲೆ ಅದಕ್ಕೆ ಮೇವು ಎಲ್ಲಿ ಬೇಕಾದರೂ ಸಿಗುತ್ತದೆ. ಭಾವ ಹೊಸ ಚೀಲ ಕೊಂಡಿದ್ದರು, ಅದಕ್ಕೆ ಬೀಗವಿತ್ತು. ಹಳೆಯ ಚೀಲದ ಜಿಪ್ ಕಿತ್ತುಹೋಗಿದ್ದನ್ನು ಪುಟ್ಟಿ ತಾನೇ ಕಣ್ಣಾರೆ ಕಂಡಿದ್ದಳು, ಆದರೂ ಬೀಗ ಯಾಕೆ? ಬೆಳಿಗ್ಗೆ ಅವಳನ್ನು ಬಸ್ ನಿಲ್ದಾಣದವರೆಗೆ ಕಾರಿನಲ್ಲಿ ಬಿಡುತ್ತಿದ್ದವರು ಈಗ ಅವಳು ಏಳುವ ಮೊದಲೇ ಹೊರಟುಬಿಡುತ್ತಿದ್ದರು. ಒಮ್ಮೆ ಎರಡು ದಿನ ಊರಲ್ಲಿರಲಿಲ್ಲ. ಕಂಪ್ಯೂಟರಿನ ಪರದೆ ತಯಾರಿಸುವವರನ್ನು ನೋಡಲು ರೈಲಿನಲ್ಲಿ ಹೋಗಿದ್ದೆ ಎಂದರು. ಅವರ ಪೆಟ್ಟಿಗೆಯ ಹಿಡಿಕೆಗೆ ವಿಮಾನದವರು ಅಂಟಿಸುವ ಪಟ್ಟಿಯ ಹರಿದ ತುದಿ ಇನ್ನೂ ಅಂಟಿಕೊಂಡಿದ್ದುದು ಮೆಟ್ಟಿಲ ಬಳಿ ಅವಳ ಕಣ್ಣಿಗೆ ಬಿತ್ತು. ಹಳೆಯದಿರಬಹುದು ಎಂದುಕೊಂಡಳು. ಹಳೆಯದಾದರೆ ಇಷ್ಟು ಬೆಳ್ಳಗೆ ಇರುತ್ತದೆಯೇ ಎಂದೂ ಅಂದುಕೊಂಡಳು. ಹಿಂದೆ ತನ್ನ ಗಂಡನ ಸುಳ್ಳುಗಳನ್ನು ಅವಳು ಹಿಡಿದದ್ದೂ ಹೀಗೇ, ಒಂದೊಂದೇ ಎಳೆ ಹಿಡಿದು. ಆಗ ಅವಳ ಅನುಮಾನ ನಿಜವಾಗಿತ್ತು. ಅದೇ ಈಗ ಅವಳಿಗೆ ಧೈರ್ಯ ಕೊಡುತ್ತಿದ್ದುದು, ಅದೇ ಹೆದರಿಸುತ್ತಿದ್ದುದು ಕೂಡ.

ಅದೇ ವಾರ ಪಿಸುಮಾತಿನ ಸಾಹೇಬರು ಅವಳನ್ನು ಕರೆಸಿದರು. ಅವರು ಕಾರ್ಖಾನೆಯ ಜನರಲ್ ಮ್ಯಾನೇಜರು. ಬೈಯುವಾಗಲೂ ಹೊಗಳುವಾಗಲೂ ದನಿ ಏರಿಸದ ಮನುಷ್ಯ. ಅವರು ಏನು ಹೇಳಿದರೆಂದು ತಿಳಿಯಲು ಎದುರಿಗಿದ್ದವರು ಮುಂದಕ್ಕೆ ಬಾಗಲೇಬೇಕು. ಬಾಗಿದವರು ಆಗಲೇ ಅರ್ಧ ಒಪ್ಪಿದ ಹಾಗೆ ಕಾಣುತ್ತಾರೆ.

"ಕೂತ್ಕೊಳ್ಳಿ. ಅಕ್ಕ ಚೆನ್ನಾಗಿದಾರಾ?"

ಅವಳಿಗೊಬ್ಬ ಅಕ್ಕ ಇದ್ದಾಳೆಂಬುದು ಅವರಿಗೆ ಗೊತ್ತಿದೆ ಎಂದು ಪುಟ್ಟಿಗೆ ಗೊತ್ತಾದದ್ದೇ ಆಗ.

"ಚೆನ್ನಾಗಿದಾರೆ ಸರ್."

"ಭಾವ?"

"ಅವರೂ."

"ನೋಡಿ, ನಾನು ನಿಮ್ಮನ್ನ ಏನೂ ಕೇಳ್ತಾ ಇಲ್ಲ. ಮನೆ ವಿಷಯ ಮನೇಲಿರಬೇಕು. ಆದ್ರೆ ಇಲ್ಲಿ ಕೆಲಸ ಮಾಡೋರಿಗೂ ಮನೆ ಇದೆ ಅಲ್ವಾ? ಗಾಳಿಮಾತಾಗಿದ್ರೆ ನಾವು ಸುಮ್ನಿರ್ತೀವಿ. ನಿಜ ಆಗಿದ್ರೆ ನಾವೂ ಏನಾದ್ರೂ ಮಾಡ್ಬೇಕಾಗತ್ತೆ. ಯಾವುದು ಅಂತ ಗೊತ್ತಾಗ್ತಿಲ್ಲ, ಅಷ್ಟೇ."

"ನಂಗೆ ಗೊತ್ತಿಲ್ಲ ಸರ್. ನಾನು ಕೇಳೋದೂ ಇಲ್ಲ."

"ಕೇಳಬೇಡಿ. ಕೇಳಿ ಅಂತ ಯಾರು ಹೇಳಿದ್ರು?" ಎಂದು ಸಾಹೇಬರು ನಕ್ಕರು. ಆ ನಗೆಗೂ ಸದ್ದಿರಲಿಲ್ಲ.

ಆಚೆ ಬಂದಾಗ ಓಣಿಯಲ್ಲಿ ನಿಂತಿದ್ದ ಇಬ್ಬರು ಮಾತು ನಿಲ್ಲಿಸಿದರು. ಅಲ್ಲಿಂದಾಚೆಗೆ ಕ್ಯಾಂಟೀನಿನಲ್ಲೂ ಹಾಗೇ ಆಯಿತು. ಅವಳು ತಟ್ಟೆ ಹಿಡಿದು ಬಂದರೆ ಮೇಜಿನ ಸುತ್ತ ಹವಾಮಾನದ ಮಾತು ಶುರುವಾಗುತ್ತಿತ್ತು. ಇವಳಿಗೆ ಎಲ್ಲ ಗೊತ್ತಿದೆ, ಬಾಯಿಗೆ ಬೀಗ ಹಾಕಿಕೊಂಡಿದ್ದಾಳೆ ಎಂದು ಕೆಲವರು. ಇಲ್ಲಿಯದನ್ನೆಲ್ಲ ಅಲ್ಲಿಗೆ ಸಾಗಿಸುವವಳೇ ಇವಳು ಎಂದು ಇನ್ನು ಕೆಲವರು. ರೇಡಿಯೋ ಒಬ್ಬನೇ ನೇರವಾಗಿ ಬಂದು ಎದುರಿಗೆ ಕೂತ.

"ಮೇಡಂ, ಒಂದೇ ಒಂದು ಮಾತು. ನನ್ನ ಮಗಳ ಕಾಲೇಜು ಈ ವರ್ಷ ಶುರು. ಮನೆ ಬದಲಾಯಿಸ್ಬೇಕು ಅಂತ ಇದ್ದೆ. ಮಾಡ್ಲಾ, ಬೇಡ್ವಾ?"

"ನಂಗೆ ನಿಜವಾಗ್ಲೂ ಗೊತ್ತಿಲ್ಲ ಕಣೋ."

ಅವನು ತಲೆಯಾಡಿಸಿದ. ನಂಬಲಿಲ್ಲವೆಂದು ಅವನ ಮುಖವೇ ಹೇಳುತ್ತಿತ್ತು.

ಭಾನುವಾರ ಅಕ್ಕ ಭಾವ ಇಬ್ಬರೂ ಭಾವನ ಅಣ್ಣನ ಮನೆಗೆ ಹೋದರು. ಮಧ್ಯಾಹ್ನ ಪುಟ್ಟಿ ಬಟ್ಟೆ ಒಣಹಾಕುತ್ತಿದ್ದಾಗ ಅಕ್ಕನ ಫೋನು ಬಂತು.

"ಪುಟ್ಟಿ, ಗಾಳಿ ಎದ್ದಿದೆಯಲ್ಲೇ. ಅವರ ಕೆಲಸದ ಕೋಣೆ ಕಿಟಕಿ ಹಾಗೇ ಬಿಟ್ಟು ಬಂದಿದೀವಿ. ಮೇಲೆ ಹೋಗಿ ಒಂಚೂರು ಮುಚ್ಚಿಬಿಡು."

ಅವಳು ಮೇಲೆ ಹೋದಳು. ಕಿಟಕಿ ಪಟಪಟ ಹೊಡೆದುಕೊಳ್ಳುತ್ತಿತ್ತು. ಚಿಲಕ ಹಾಕಿ ತಿರುಗಿದಾಗ ಭಾವನ ಮೇಜಿನ ಮೇಲೆ ಒಂದು ನೀಲಿ ಟವಲು ಹರಡಿರುವುದು ಕಂಡಿತು. ಕೆಳಗೆ ಏನೋ ಚಪ್ಪಟೆಯಾದದ್ದು, ಚೌಕಾಕಾರದ್ದು.

ಕಿಟಕಿ ಮುಚ್ಚಿಯಾಗಿತ್ತು. ಅಲ್ಲಿ ಅವಳಿಗೆ ಇನ್ನು ಕೆಲಸವಿರಲಿಲ್ಲ. ಬಾಗಿಲವರೆಗೆ ಬಂದಳು. ಅಲ್ಲಿ ನಿಂತಳು. ಬಟ್ಟೆ ಇನ್ನೂ ಅರ್ಧ ಬಕೆಟ್ಟಿನಲ್ಲೇ ಇದೆ, ಹೋಗು ಎಂದು ತನಗೆ ತಾನೇ ಹೇಳಿಕೊಂಡಳು. ಆಮೇಲೆ ವಾಪಸು ಹೋಗಿ ಟವಲಿನ ಮೂಲೆಯನ್ನು ಎರಡು ಬೆರಳಲ್ಲಿ ಎತ್ತಿದಳು.

ಕಂಪ್ಯೂಟರಿನ ಬೋರ್ಡು. ಹಸಿರು ಹಲಗೆ, ಹೊಚ್ಚ ಹೊಸದು. ನಡುವೆ ಚಿಪ್ ಕೂರುವ ಜಾಗ ಖಾಲಿಯಿತ್ತು. ತನ್ನ ಕಾರ್ಖಾನೆಯ ಚಿಪ್ ಎಷ್ಟು ಅಗಲ, ಅದರ ಕಾಲುಗಳು ಹೇಗೆ ಸಾಲಾಗಿ ನಿಲ್ಲುತ್ತವೆ ಎನ್ನುವುದು ಅವಳಿಗೆ ಕಣ್ಣು ಮುಚ್ಚಿದರೂ ತಿಳಿಯುತ್ತಿತ್ತು. ಈ ಜಾಗ ಅದಕ್ಕಿಂತ ಅಗಲವಾಗಿತ್ತು. ಸಾಲುಗಳೇ ಬೇರೆ. ಇಲ್ಲಿ ತಮ್ಮ ಚಿಪ್ಪನ್ನು ತಂದಿಟ್ಟರೆ ಅದು ಬೇರೆಯವರ ಅಂಗಿ ತೊಟ್ಟ ಹಾಗೆ ಜೋಲುತ್ತಿತ್ತು.

ಕೆಳಗೆ ರಸ್ತೆಯಲ್ಲಿ ಯಾವುದೋ ಕಾರಿನ ಬಾಗಿಲು ಬಡಿದ ಸದ್ದಿಗೆ ಟವಲನ್ನು ಬಿಟ್ಟುಬಿಟ್ಟಳು. ಮೊದಲಿದ್ದ ಹಾಗೇ ಸರಿಮಾಡಿ, ಮೊದಲು ಹೇಗಿತ್ತೆಂದು ನೆನಪಾಗದೆ ಮತ್ತೆ ಸರಿಮಾಡಿ, ಮೆಟ್ಟಿಲಿಳಿದು ಓಡಿಬಂದಳು. ಕಾರು ಪಕ್ಕದ ಮನೆಯವರದು.

ಸಂಜೆ ಊಟಕ್ಕೆ ಮೇಲೆ ಹೋಗಲಿಲ್ಲ. ತಲೆನೋವೆಂದಳು. ಅಕ್ಕ ತಟ್ಟೆಯನ್ನು ಕೆಳಗೇ ತಂದುಕೊಟ್ಟು, ಹಣೆ ಮುಟ್ಟಿ ನೋಡಿ ಹೋದಳು.

ಹೇಳಬೇಕೋ ಬೇಡವೋ ಎಂದು ಅವಳು ತನ್ನೊಳಗೆ ಎರಡು ಪಕ್ಷ ಕಟ್ಟಿ ವಾದಿಸಿದಳು. ಹೇಳಿದರೆ ಭಾವನಿಗೆ ದ್ರೋಹ. ಹೇಳದಿದ್ದರೆ ರೇಡಿಯೋನಂಥವರಿಗೆ ದ್ರೋಹ. ನಡುವೆ ಇನ್ನೊಂದು ದನಿಯೂ ಇತ್ತು: ಅವರು ನನ್ನ ಮುಂದೆಯೇ ಊಟಕ್ಕೆ ಕೂತು, ನನ್ನ ಕಾಲ ಕೆಳಗಿನ ನೆಲ ಅಗೆಯುತ್ತಿದ್ದಾರೆ, ಉಪ್ಪು ಕಮ್ಮಿ ಎನ್ನುತ್ತಿದ್ದಾರೆ. ಕೊನೆಗೆ ಗೆದ್ದದ್ದು ಆ ದನಿ. ಅದು ಗೆದ್ದಿತೆಂದು ಅವಳು ಆಗ ಒಪ್ಪಿಕೊಳ್ಳಲಿಲ್ಲ. ಕೆಲಸಗಾರರಿಗಾಗಿ ಹೇಳುತ್ತಿದ್ದೇನೆ ಎಂದುಕೊಂಡೇ ಸಾಹೇಬರ ಕೋಣೆಗೆ ಹೋದಳು.

"ಸರ್, ಅವರ ಹೊಸ ಬೋರ್ಡಿನಲ್ಲಿ ನಮ್ಮ ಚಿಪ್ ಕೂರಲ್ಲ."

ಈ ಸಲ ಮುಂದಕ್ಕೆ ಬಾಗಿದವರು ಸಾಹೇಬರು. "ನೋಡಿದ್ರಾ?"

"ನೋಡಿದೆ."

"ನೀವೇ? ಕಣ್ಣಾರೆ?"

"ಹೂಂ."

ಅವರು ಎದ್ದುಹೋಗಿ ಬಾಗಿಲನ್ನು ತಾವೇ ಮುಚ್ಚಿದರು. "ಭೂತಗನ್ನಡಿ ನೋಡಿದೆ ಅಂದ್ಮೇಲೆ ಮುಗೀತು," ಎಂದರು. ಅವಳ ಅಡ್ಡಹೆಸರೂ ಅವರಿಗೆ ಗೊತ್ತಿತ್ತು.

ಮುಂದೆ ಎಲ್ಲ ಬೇಗ ಬೇಗ ನಡೆಯಿತು. ದೊಡ್ಡವರು ಅಲ್ಲಿಗೂ ಇಲ್ಲಿಗೂ ಓಡಾಡಿದರು. ಗಾಜಿನ ಕಟ್ಟಡದ ಕಾರುಗಳು ಕಾರ್ಖಾನೆಯ ಅಂಗಳದಲ್ಲಿ ನಿಂತವು. ಒಂದು ಮಧ್ಯಾಹ್ನ ಎಲ್ಲರನ್ನೂ ಸಭಾಂಗಣಕ್ಕೆ ಕರೆದು, ಕಂಪ್ಯೂಟರ್ ಕಂಪನಿಯವರು ಮುಂದೆಯೂ ನಮ್ಮ ಚಿಪ್ಪನ್ನೇ ಕೊಳ್ಳುತ್ತಾರೆ, ಹೊಸ ಒಪ್ಪಂದ ಆಗಿದೆ ಎಂದು ಸಾರಿದರು. ಚಪ್ಪಾಳೆ ಬಿತ್ತು. ಕೇಕು ಕತ್ತರಿಸಿದರು. ರೇಡಿಯೋ ಎರಡು ತುಂಡು ತಿಂದ, ಅವಳಿಗೂ ಒಂದು ತಂದುಕೊಟ್ಟ. "ಗಾಳಿಮಾತು ಮೇಡಂ, ಎಲ್ಲ ಗಾಳಿಮಾತು," ಎಂದು, ಅದನ್ನು ಹಬ್ಬಿಸಿದವನು ತಾನಲ್ಲವೇ ಅಲ್ಲವೆಂಬಂತೆ ನಕ್ಕ.

ಕೇಕಿನ ಸಿಹಿ ಆರುವ ಮೊದಲೇ ಇನ್ನೊಂದು ಸುದ್ದಿ ಬಂತು. ಒಪ್ಪಂದ ಉಳಿಸಿಕೊಳ್ಳಲು ಕಾರ್ಖಾನೆಯವರು ಬೆಲೆಯನ್ನು ವಿಪರೀತ ಇಳಿಸಿದ್ದರು. ಆ ಬೆಲೆಗೆ ಖರ್ಚು ಹೊಂದಬೇಕಾದರೆ ಪ್ಯಾಕಿಂಗ್ ವಿಭಾಗವನ್ನು ಮುಚ್ಚಿ ಕೆಲಸವನ್ನು ಹೊರಗಿನವರಿಗೆ ಒಪ್ಪಿಸಬೇಕಾಗಿತ್ತು. ಪಿಸುಮಾತಿನ ಸಾಹೇಬರು ಅದನ್ನು ಎಷ್ಟು ಮೆಲ್ಲಗೆ ಹೇಳಿದರೆಂದರೆ ಹಿಂದೆ ನಿಂತಿದ್ದವರು ತಮ್ಮ ಕೆಲಸ ಹೋಯಿತೆಂದು ಮುಂದಿನವರನ್ನು ಕೇಳಿ ತಿಳಿದುಕೊಳ್ಳಬೇಕಾಯಿತು.

ರೇಡಿಯೋ ತನ್ನ ಕಪಾಟು ಖಾಲಿ ಮಾಡುತ್ತಿದ್ದಾಗ ಪುಟ್ಟಿ ಹೋಗಿ ಪಕ್ಕದಲ್ಲಿ ನಿಂತಳು. ಒಂದು ಲೋಟ, ಒಂದು ಸ್ವೆಟರು, ಮಗಳ ಫೋಟೋ. ಇಷ್ಟೇ ಸಾಮಾನು.

"ಒಂದು ಕೇಳಿದೆ ಮೇಡಂ," ಎಂದ ಅವನು, ಕೊನೆಯ ಸುದ್ದಿ ಹೇಳುವವನಂತೆ. "ಅವರಿಗೆ ನಮ್ಮನ್ನ ಬಿಡೋ ಯೋಚನೆ ಇರ್ಲೇ ಇಲ್ವಂತೆ. ಬೆಲೆ ಇಳಿಸೋಕೆ ಹೆದರಿಸಿದ್ರಂತೆ, ಅಷ್ಟೇ. ನಮ್ಮ ಕಡೆಯೋರು ಮೊದಲು ಜಪ್ಪಯ್ಯ ಅಂದ್ರೂ ಜಗ್ಗಿರಲಿಲ್ಲ. ಆಮೇಲೆ ಇಲ್ಲಿಯೋರೇ ಯಾರೋ ಬಂದು, ಬೇರೆ ಬೋರ್ಡು ತಯಾರಾಗಿದೆ, ಕಣ್ಣಾರೆ ನೋಡಿದೆ ಅಂದ್ರಂತೆ. ಅಲ್ಲಿಗೆ ಇವರ ಜಂಘಾಬಲ ಉಡುಗಿಹೋಯ್ತು." ಅವನು ಸ್ವೆಟರು ಮಡಚಿದ. "ಯಾರೋ ಏನೋ. ಹಾಳಾಗ್ಹೋಗ್ಲಿ."

ಅವನು ಗೊತ್ತಿದ್ದೇ ಹೇಳಿದನೋ, ಗೊತ್ತಿಲ್ಲದೆಯೋ ಪುಟ್ಟಿಗೆ ತಿಳಿಯಲಿಲ್ಲ. ಅವಳು ಅವನ ಮುಖದಲ್ಲಿ ಅದನ್ನು ಹುಡುಕುತ್ತಿದ್ದಾಗಲೇ ಅವನು ಕೈಮುಗಿದು ಹೊರಟುಹೋದ.

ಅವಳು ಅವತ್ತು ಬೇಗ ಮನೆಗೆ ಬಂದಳು. ನೇರ ಮೇಲೆ ಹೋದಳು. ಭಾವ ತಮ್ಮ ಕೋಣೆಯಲ್ಲೇ ಇದ್ದರು. ಟವಲು ಅಲ್ಲೇ ಇತ್ತು, ಆದರೆ ಈಗ ಕುರ್ಚಿಯ ಬೆನ್ನ ಮೇಲೆ; ಬೋರ್ಡು ಕಪಾಟಿನ ಮೇಲಿತ್ತು, ಬೇಡದ ಸಾಮಾನಿನ ಜೊತೆ.

"ಭಾವ, ಆ ಬೋರ್ಡು ಇಲ್ಲಿ ಕೊಡಿ."

ಯಾವ ಬೋರ್ಡು ಎಂದು ಅವರು ಕೇಳಲಿಲ್ಲ. ಎದ್ದು, ತೆಗೆದು, ಕೊಟ್ಟರು. ಕೊಡುವಾಗ ಮೆಲ್ಲಗೆ ಹೇಳಿದರು, "ಅವತ್ತು ಹಿಂದೆ ತಿರುಗಿಸಿ ನೋಡಿದ್ಯಾ?"

ಅವಳು ತಿರುಗಿಸಿದಳು. ಹಿಂಭಾಗ ಬೋಳಾಗಿತ್ತು. ಚಿಪ್‌ಗೆ ವಿದ್ಯುತ್ತು ತಂದುಕೊಡಬೇಕಾದ ಗೆರೆಗಳು ಆ ಜಾಗದವರೆಗೆ ಬಂದೇ ಇರಲಿಲ್ಲ, ಅಂಚಿನಲ್ಲೇ ನಿಂತುಬಿಟ್ಟಿದ್ದವು. ಯಾವ ಚಿಪ್ಪನ್ನು ಕೂರಿಸಿದರೂ ಈ ಬೋರ್ಡಿಗೆ ಜೀವ ಬರುತ್ತಿರಲಿಲ್ಲ. ಇದು ತೋರಿಸಲೆಂದೇ ಮಾಡಿದ್ದು.

"ಅಂದ್ರೆ ನಾನು ನೋಡಿದ್ದು ನಿಮಗೆ ಗೊತ್ತು."

"ಟವಲು ಬೇರೆ ಥರ ಹರಡಿತ್ತು."

"ನಾನು ನೋಡ್ಲಿ ಅಂತಾನೇ ಇಟ್ರಾ?"

ಭಾವ ಕುರ್ಚಿಯಲ್ಲಿ ಕೂತರು. "ನಮ್ಮ ಮೇಲಿನೋರು ಕರೆದು ಹೇಳಿದ್ರು, ಇದನ್ನ ನಾಲ್ಕು ದಿನ ಮನೆಗೆ ತಗೊಂಡು ಹೋಗಿಟ್ಕೊಳ್ಳಿ ಅಂತ. ಯಾಕೆ ಅಂತ ಕೇಳಿದೆ. ನಿಮ್ಮ ಮನೇಲಿ ಚಿಪ್ ಕಾರ್ಖಾನೆಯೋರು ಇದಾರಲ್ವಾ ಅಂದ್ರು. ಮುಂದೆ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ."

"ನೀವು ಒಪ್ಕೊಂಡ್ರಿ."

"ಪುಟ್ಟಿ ನೋಡಲ್ಲ ಅಂದ್ಕೊಂಡೆ. ನೋಡಿದ್ರೂ ಹೇಳಲ್ಲ ಅಂದ್ಕೊಂಡೆ. ಹಾಗಂತ ನನಗೆ ನಾನೇ ಹೇಳ್ಕೊಂಡು ಇಟ್ಟೆ."

"ನೋಡಲ್ಲ ಅಂತ ಅಷ್ಟು ನಂಬಿಕೆ ಇದ್ದಿದ್ರೆ ಟವಲು ಯಾಕೆ ಮುಚ್ಚಿದ್ರಿ? ಬಿಚ್ಚಿಟ್ಟಿದ್ರೆ ನಾನು ತಿರುಗಿಯೂ ನೋಡ್ತಿರಲಿಲ್ಲ!"

ಭಾವ ಬೆನ್ನ ಹಿಂದಿನ ಟವಲನ್ನು ಎಳೆದು ಮಡಿಲಲ್ಲಿಟ್ಟುಕೊಂಡರು. "ನೀನು ತಿರುಗಿಸಿ ನೋಡ್ತೀಯ ಅಂತಲೇ ನನಗೆ ಹೆದರಿಕೆ ಇತ್ತು. ಒಂದು ಸಲ ತಿರುಗಿಸಿದ್ದಿದ್ರೆ ನಿನಗೆ ಗೊತ್ತಾಗಿಬಿಡೋದು," ಎಂದರು.

ಅದು ನಿಜ. ಕಾರ್ಖಾನೆಯಲ್ಲಿ ಉಗುರಿನಷ್ಟು ಚಿಪ್ಪನ್ನೂ ನಾಲ್ಕು ಮಗ್ಗುಲು ತಿರುಗಿಸದೆ ಬಿಡದವಳು ಅವತ್ತು ಕಳ್ಳಿಯ ಹಾಗೆ ಒಂದೇ ಮಗ್ಗುಲು ನೋಡಿ ಓಡಿಹೋಗಿದ್ದಳು.

ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಅವಳ ಕೈಯಲ್ಲಿ ಕಾಫಿಯ ಲೋಟವಿತ್ತು, ಅದು ಯಾರಿಗೆ ತಂದದ್ದೋ ಅವಳಿಗೇ ಮರೆತಂತಿತ್ತು.

"ಚೆನ್ನಾಗಿದೆ ಕಣ್ರೀ. ನೀವು ಬಲೆ ಹಾಕೋದು, ಇವಳು ಬಂದು ಬೀಳೋದು. ನನ್ನ ಮನೇಲಿ. ನಾನು ಇಬ್ಬರಿಗೂ ಅಡುಗೆ ಮಾಡಿ ಹಾಕೋದು."

ಅಲ್ಲಿಗೆ ನಿಲ್ಲಬಹುದಿತ್ತು. ಆದರೆ ಪುಟ್ಟಿಯ ಬಾಯಿಂದ ಮಾತು ಜಾರಿತು: "ಕಿಟಕಿ ಮುಚ್ಚು ಅಂತ ಫೋನ್ ಮಾಡಿದ್ದು ನೀನೇ ಅಲ್ವಾ?"

ಅಕ್ಕನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಅವಳ ಮುಖ ನೋಡಲಾಗಲಿಲ್ಲ.

"ಪುಟ್ಟಿಗೆ ಫೋನ್ ಮಾಡು ಅಂತ ಹೇಳಿದ್ದು ನಾನು," ಎಂದರು ಭಾವ ಅವಸರದಲ್ಲಿ. "ಅವಳಿಗೇನೂ ಗೊತ್ತಿಲ್ಲ."

ಆದರೆ ಮಾತು ಬಾಯಿಂದ ಹೊರಟಾಗಿತ್ತು. ಅಕ್ಕ ಲೋಟವನ್ನು ಮೇಜಿನ ಮೇಲಿಟ್ಟು, ಅಡುಗೆಮನೆಗೆ ಹೋಗಿ ಕದ ಹಾಕಿಕೊಂಡಳು.

ಮರುದಿನದಿಂದ ಪುಟ್ಟಿ ಕೆಳಗೇ ಒಂದು ಒಲೆ ಇಟ್ಟುಕೊಂಡಳು. ಒಂಟಿ ಜೀವಕ್ಕೆ ಏನು ಬೇಕು, ಮೊಟ್ಟೆ, ಬ್ರೆಡ್ಡು, ಬೇಯಿಸಿದ ತರಕಾರಿ. ಮೇಲೆ ಪಾತ್ರೆಯ ಸದ್ದಾದರೆ ಕಿವಿ ಅಲ್ಲಿಗೇ ಹೋಗುತ್ತಿತ್ತು. ಮೆಟ್ಟಿಲಲ್ಲಿ ಎದುರಾದರೆ ಅಕ್ಕ "ಊಟ ಆಯ್ತಾ?" ಎನ್ನುತ್ತಿದ್ದಳು, ಪಕ್ಕದ ಮನೆಯವರನ್ನು ಕೇಳುವ ಹಾಗೆ. "ಆಯ್ತು," ಎನ್ನುತ್ತಿದ್ದಳು ಪುಟ್ಟಿ. ಗಂಡಹೆಂಡಿರ ನಡುವೆಯೂ ಮಾತು ಅಷ್ಟಕ್ಕಷ್ಟೇ ಎಂದು ಮೇಲಿನ ಮೌನದಿಂದಲೇ ತಿಳಿಯುತ್ತಿತ್ತು. ಕ್ಷಮೆ ಕೇಳಬೇಕೆಂದು ಅವಳು ಎಷ್ಟೋ ಸಲ ಅರ್ಧ ಮೆಟ್ಟಿಲು ಹತ್ತಿದಳು. ಹತ್ತಿದಾಗಲೆಲ್ಲ, ಅಕ್ಕನಿಗೆ ಸ್ವಲ್ಪವೂ ಗೊತ್ತಿರಲಿಲ್ಲವೇ ಎಂಬ ಹಾಳು ಯೋಚನೆ ಎಲ್ಲಿಂದಲೋ ಬಂದು ಕಾಲು ಹಿಡಿಯುತ್ತಿತ್ತು. ಅದಕ್ಕೆ ಹೇಸಿ ಇಳಿದುಬಿಡುತ್ತಿದ್ದಳು.

ಚಳಿ ಮುಗಿದು ಬಿಸಿಲು ಶುರುವಾದ ಮೇಲೆ, ಒಂದು ಬೆಳಿಗ್ಗೆ ಭಾವ ಕೆಳಗೆ ಬಂದು ಬಾಗಿಲು ತಟ್ಟಿದರು. ಒಳಗೆ ಬಂದು ನಿಂತೇ ಮಾತಾಡಿದರು.

"ಪುಟ್ಟಿ, ಈ ಸಲ ನಿಜ. ಒಪ್ಪಂದದಲ್ಲಿ ಹಳೇ ಮಾಡೆಲ್‌ಗಳ ಮಾತು ಮಾತ್ರ ಇರೋದು. ಮುಂದೆ ಬರೋ ಮಾಡೆಲ್‌ಗೆಲ್ಲ ಬೇರೆಯೋರ ಚಿಪ್. ಬೋರ್ಡು ನಾನೇ ಮಾಡಿದೀನಿ. ಓಡ್ತಾ ಇದೆ. ನಿಮ್ಮೋರಿಗೆ ಈಗಲೇ ಗೊತ್ತಾದ್ರೆ ಬೇರೆ ಗಿರಾಕಿ ಹುಡುಕ್ಕೊಳ್ಳೋಕೆ ಸಮಯ ಸಿಗತ್ತೆ."

"ಇದನ್ನ ನನಗ್ಯಾಕೆ ಹೇಳ್ತಿದೀರಿ?"

"ಅವತ್ತಿನದಕ್ಕೆ."

"ಕಾಫಿ ಕುಡೀತೀರಾ?" ಎಂದಳು ಪುಟ್ಟಿ.

ಅವರು ಬೇಡವೆಂದು ತಲೆಯಾಡಿಸಿ ಹೋದರು. ಅವರ ಕಣ್ಣ ಕೆಳಗೆ ಕಪ್ಪಾಗಿತ್ತು, ದನಿ ನಡುಗಿತ್ತು. ನಾಟಕವಾದರೆ ಬಹಳ ಚೆನ್ನಾದ ನಾಟಕ ಎಂದು ಅವಳಿಗೆ ಅನ್ನಿಸಿತು. ಈ ಸಲ ಅವರಿಗೆ ಏನು ಬೇಕಾಗಿದೆ? ಇನ್ನಷ್ಟು ಬೆಲೆ ಇಳಿಸಬೇಕೇ? ಇನ್ನೊಂದು ವಿಭಾಗ ಮುಚ್ಚಬೇಕೇ? ತನ್ನದೇ ವಿಭಾಗವೇ? ಅವರ ಮಾತನ್ನು ಎಲ್ಲ ಮಗ್ಗುಲಿನಿಂದಲೂ ತಿರುಗಿಸಿ ನೋಡಿದಳು. ಎಷ್ಟು ತಿರುಗಿಸಿದರೂ ಅದರ ಹಿಂಭಾಗ ಬೋಳಾಗಿಯೇ ಕಂಡಿತು. ಪಿಸುಮಾತಿನ ಸಾಹೇಬರು ಓಣಿಯಲ್ಲಿ ಎದುರಾದಾಗ, "ನಮಸ್ಕಾರ ಸರ್," ಎಂದಷ್ಟೇ ಹೇಳಿ ಮುಂದೆ ಹೋದಳು.

ಬೇಸಿಗೆ ಮುಗಿಯುವ ಹೊತ್ತಿಗೆ ಕಂಪ್ಯೂಟರ್ ಕಂಪನಿ ತನ್ನ ಹೊಸ ಮಾಡೆಲನ್ನು ಲೋಕಕ್ಕೆ ತೋರಿಸಿತು. ಒಳಗಿದ್ದ ಚಿಪ್ ಬೇರೆಯವರದು. ಕ್ಯಾಂಟೀನಿನ ಟೀವಿಯಲ್ಲಿ ಆ ಸುದ್ದಿ ಬಂದಾಗ ಯಾರೂ ಮಾತಾಡಲಿಲ್ಲ. ಮಾತು ಹೊರಡಿಸಲು ರೇಡಿಯೋ ಕೂಡ ಇರಲಿಲ್ಲ. ಸಾಹೇಬರು ಅವಳನ್ನು ಕರೆಸಿ, ಮೊದಲ ಬಾರಿಗೆ ಸ್ಪಷ್ಟವಾಗಿ ಕೇಳಿಸುವ ದನಿಯಲ್ಲಿ ಕೇಳಿದರು:

"ನಿಮಗೆ ಏನೂ ಗೊತ್ತಿರಲಿಲ್ವಾ?"

"ಗೊತ್ತಿತ್ತು ಸರ್. ನಂಬಲಿಲ್ಲ."

ಅವರು ಬೈಯಲಿಲ್ಲ. ಬೈಯಲು ಹೊರಟರೆ ಹಿಂದಿನದನ್ನೂ ಕೆದಕಬೇಕಾಗುತ್ತಿತ್ತು. ಅವಳ ವಿಭಾಗ ಅರ್ಧಕ್ಕಿಳಿಯಿತು. ಉಳಿದವರು ಬಟ್ಟೆ ಒಗೆಯುವ ಯಂತ್ರ, ನೀರು ಕಾಯಿಸುವ ಯಂತ್ರಗಳಿಗೆ ಹೋಗುವ ಸಣ್ಣ ಚಿಪ್‌ಗಳನ್ನು ಪರೀಕ್ಷಿಸಬೇಕೆಂದಾಯಿತು. ಪುಟ್ಟಿ ಉಳಿದವರಲ್ಲಿ ಒಬ್ಬಳು.

ಆ ಸಂಜೆ ಮನೆಗೆ ಬಂದಾಗ ಭಾವ ಮೆಟ್ಟಿಲ ಮೇಲೆ ಕೂತಿದ್ದರು. ಆಫೀಸಿನ ಬಟ್ಟೆಯಲ್ಲೇ.

"ನೀನು ಯಾರಿಗೂ ಹೇಳಲಿಲ್ಲ," ಎಂದರು.

"ಇಲ್ಲ."

"ಹೇಳಿದ್ದಿದ್ರೆ ನಮ್ಮೋರು ಸುದ್ದಿಯ ಮೂಲ ಹುಡುಕ್ತಿದ್ರು. ನನ್ನ ಕೆಲಸ ಹೋಗ್ತಿತ್ತು. ಹೋಗ್ಲಿ ಅಂತಾನೇ ನಿನಗೆ ಹೇಳಿದ್ದೆ." ಆಮೇಲೆ ಕೇಳಿದರು, "ನನ್ನ ಉಳಿಸೋಕೆ ಹೇಳಲಿಲ್ವಾ?"

ಹೌದು ಎಂದುಬಿಟ್ಟರೆ ಎಲ್ಲ ಸಲೀಸಾಗುತ್ತಿತ್ತು. ಅವರು ಆ ಉತ್ತರಕ್ಕೇ ಕಾದು ಕೂತಿದ್ದರು. ಪುಟ್ಟಿ ಕೈಚೀಲವನ್ನು ಈ ಭುಜದಿಂದ ಆ ಭುಜಕ್ಕೆ ಬದಲಾಯಿಸಿದಳು.

"ಇಲ್ಲ ಭಾವ. ನಿಮ್ಮನ್ನ ನಂಬಲಿಲ್ಲ. ಅದಕ್ಕೇ ಹೇಳಲಿಲ್ಲ."

ಅವರು ತಲೆ ತಗ್ಗಿಸಿದರು. ಆಮೇಲೆ, "ಸರಿ. ಇದನ್ನಾದ್ರೂ ನಾನು ನಂಬಬಹುದು," ಎಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಪುಟ್ಟಿ ತನ್ನ ಬಾಗಿಲು ತೆರೆಯದೆ ಮೆಟ್ಟಿಲು ಹತ್ತಿದಳು. ಈ ಸಲ ಅರ್ಧಕ್ಕೆ ನಿಲ್ಲಲಿಲ್ಲ. ಅಡುಗೆಮನೆಯಲ್ಲಿ ಅಕ್ಕ ಈರುಳ್ಳಿ ಹೆಚ್ಚುತ್ತಿದ್ದಳು, ತಿರುಗಿ ನೋಡಲಿಲ್ಲ, ಹೆಜ್ಜೆಯ ಸದ್ದಿನಿಂದಲೇ ಯಾರೆಂದು ತಿಳಿದಂತಿತ್ತು.

"ಅಕ್ಕ, ಅವತ್ತು ಕಿಟಕಿ ವಿಷಯ ನಿನ್ನನ್ನ ಕೇಳಬಾರದಿತ್ತು."

ಚಾಕು ನಿಂತಿತು. "ಈಗಲೂ ಅನುಮಾನ ಇದೆಯೇನೇ?"

"ಆಗಾಗ ಬರತ್ತೆ," ಎಂದಳು ಪುಟ್ಟಿ. "ಬಂದಾಗ ನನ್ನ ಮೇಲೆ ನಂಗೇ ಅಸಹ್ಯ ಆಗತ್ತೆ."

ಅಕ್ಕ ಹೆಚ್ಚಿದ ಈರುಳ್ಳಿಯನ್ನು ಹಲಗೆಯ ಬದಿಗೆ ಸರಿಸಿದಳು. ಕಣ್ಣು ಒರೆಸಿಕೊಂಡಳು, ಈರುಳ್ಳಿಗೋ ಮತ್ಯಾವುದಕ್ಕೋ. ಆಮೇಲೆ ಇನ್ನೊಂದು ಚಾಕು ತೆಗೆದು ತಂಗಿಯ ಕಡೆ ನೂಕಿದಳು.

"ಸುಮ್ನೆ ನಿಂತ್ಕೋಬೇಡ. ಆ ಕ್ಯಾರೆಟ್ ಹೆಚ್ಚು. ದಪ್ಪ ಮಾಡಬೇಡ, ಬೇಯಲ್ಲ."